ನಮ್ಮತ್ತೆಯನ್ನು ಲೆಕ್ಕಕ್ಕೆ ಹಿಡಿಯದ ಸೀಟು

ಸುಳ್ಳು ಸಾಕ್ಷಿ ನನಗೆ ಹೊಸದಲ್ಲ. ಚಿತ್ತಾಪುರದಲ್ಲಿ ಮನೆ ಮಾಡಿಕೊಂಡು, ಸೇಡಂ, ಚಿಂಚೋಳಿ ಕೋರ್ಟುಗಳಿಗೂ ಓಡಾಡುವ ವಕೀಲಳು ನಾನು. ವಾರಕ್ಕೊಂದಾದರೂ ಸುಳ್ಳು ಸಾಕ್ಷಿ ಕಿವಿಗೆ ಬೀಳದಿದ್ದರೆ ಕೋರ್ಟಿಗೆ ರಜೆ ಇರಬೇಕು ಅಂದುಕೊಳ್ಳುತ್ತೇನೆ. ಆದರೆ ನನ್ನ ಸ್ವಂತ ಕಾರು, ನಾನೇ ಪೆಟ್ರೋಲು ಹಾಕಿಸಿ, ಭಾನುವಾರ ಭಾನುವಾರ ನಾನೇ ಒರೆಸಿ ಇಟ್ಟುಕೊಂಡ ಕಾರು, ನನ್ನ ಕಣ್ಣೆದುರಿಗೇ ಸುಳ್ಳು ಹೇಳಿದರೆ ಹೇಗೆ ಸಹಿಸುವುದು? ಒಂದು ವರ್ಷ ಹೇಳಿತು. ಮೊದಲ ಆರು ತಿಂಗಳು ಇಲ್ಲದವರನ್ನು ಇದ್ದಾರೆ ಎಂದಿತು. ಆಮೇಲಿನ ಆರು ತಿಂಗಳು ಇದ್ದವರನ್ನು ಇಲ್ಲ ಎಂದಿತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಾರಿನ ಎಡಗಡೆ ಮುಂದಿನ ಸೀಟಿನ ಒಳಗೆ ಹಾಳೆಯಷ್ಟು ತೆಳ್ಳಗಿನ ಒಂದು ಸೆನ್ಸರ್ ಇರುತ್ತದೆ. ಯಾರಾದರೂ ಕೂತು ಬೆಲ್ಟು ಹಾಕಿಕೊಳ್ಳದಿದ್ದರೆ ಅದು ಟಿಣ್ ಟಿಣ್ ಎಂದು ಕೂಗುತ್ತದೆ. ಯಾರೂ ಕೂತಿಲ್ಲದಿದ್ದರೆ, ಆ ಕಡೆಯ ಏರ್‌ಬ್ಯಾಗ್ ಬಂದ್ ಇದೆ ಎಂದು ಒಂದು ಹಳದಿ ದೀಪ ಹಚ್ಚುತ್ತದೆ. ಅದಕ್ಕಿರುವುದು ಇಷ್ಟೇ ಕೆಲಸ. ನಮ್ಮ ಕೋರ್ಟಿನ ಜವಾನ ಬಾಗಿಲಲ್ಲಿ ನಿಂತು ಮೂರು ಸಲ ಹೆಸರು ಕೂಗಿ, ಬಂದವರು ಯಾರು, ಬರದವರು ಯಾರು ಎಂದು ಹೇಳುತ್ತಾನೆ. ಮೂವತ್ತು ವರ್ಷದ ನೌಕರಿಯಲ್ಲಿ ಅವನು ಒಮ್ಮೆಯೂ ತಪ್ಪಿಲ್ಲ. ಅವನಿಗೆ ಒಳಗೆ ಸೆನ್ಸರ್ ಇಲ್ಲ, ಬಾಯಲ್ಲಿ ತಂಬಾಕು ಬೇರೆ ಇರುತ್ತದೆ.

ಐನಾಪುರದ ಮಜ್ಜಿಗೆ

ಇದೆಲ್ಲಾ ಶುರುವಾದದ್ದು ಒಂದು ಕ್ಯಾನು ಮಜ್ಜಿಗೆಯಿಂದ. ಐನಾಪುರದ ರೈತರೊಬ್ಬರ ಬದುವಿನ ವ್ಯಾಜ್ಯ ಚಿಂಚೋಳಿ ಕೋರ್ಟಿನಲ್ಲಿ ರಾಜಿಯಾಗಿತ್ತು. ಆ ಖುಷಿಗೆ ಹಿರಿಯರು ಸ್ಟೀಲಿನ ಕ್ಯಾನಿನ ತುಂಬ ಮಜ್ಜಿಗೆ ಹಿಡಿದುಕೊಂಡು ಕಾರಿನ ಹತ್ತಿರ ಬಂದರು. ನಾನು ಡಿಕ್ಕಿ ತೆಗೆದೆ.

"ಡಿಕ್ಕ್ಯಾಗ ಬ್ಯಾಡ್ರಿ ಮೇಡಂ. ಅಲ್ಲಿ ಸ್ಟೆಪ್ನಿ ಗಾಲಿ ಅದ. ಊರೆಲ್ಲಾ ತುಳದು ಬಂದ ಗಾಲಿ ಮಗ್ಗಲಕ್ಕ ಕುಡ್ಯೂದು ಇಡ್ತಾರೇನ್ರಿ?"

"ಹಾಗಾದರೆ ಮುಂದೆ, ಕೆಳಗಡೆ ಇಡಿ" ಎಂದೆ.

"ಕಾಲಾಗ?" ಎಂದವರು ನನ್ನನ್ನು ಒಂದು ಗಳಿಗೆ ನೋಡಿದರು. ಇಂಥವಳ ಕೈಯಲ್ಲಿ ಕೇಸು ಕೊಟ್ಟಿದ್ದೆನಲ್ಲಾ ಎಂಬ ನೋಟ ಅದು. "ಅನ್ನ ಮಜ್ಜಿಗಿ ಕಾಲಾಗ ಇಡೂದು ನಮ್ಮ ಮನ್ಯಾಗ ಇಲ್ರಿ." ಎಡಗಡೆ ಬಾಗಿಲು ತೆಗೆದು, ಕ್ಯಾನನ್ನು ಸೀಟಿನ ಮೇಲೆ ಕೂಡಿಸಿ, ಅದಕ್ಕೊಂದು ಕೈ ಮುಗಿದು ಹೋದರು.

ಆವತ್ತು ಆ ಕ್ಯಾನಿಗೆ ಒಂದು ಬೆಲ್ಟು ಹಾಕಿದ್ದರೆ ಈ ಯಾವ ಗೋಳೂ ಇರುತ್ತಿರಲಿಲ್ಲ. ಸೇಡಂ ದಾಟಿದ ಮೇಲೆ, ಯಾರ ಅಪ್ಪಣೆಯೂ ಇಲ್ಲದೆ ಊರವರೇ ಹಾಕಿಕೊಂಡ ಒಂದು ಹಂಪು ಅಡ್ಡ ಬಂತು. ನಾನು ಬ್ರೇಕು ಒತ್ತಿದೆ, ಕ್ಯಾನು ಅಡ್ಡ ಬಿತ್ತು, ಮುಚ್ಚಳ ಹಾರಿತು. ಗಾಡಿ ನಿಲ್ಲಿಸಿ ನೋಡುವಷ್ಟರಲ್ಲಿ ಸೀಟು ಅಷ್ಟನ್ನೂ ಕುಡಿದು ಮುಗಿಸಿತ್ತು.

ಎರಡು ದಿನಕ್ಕೆ ವಾಸನೆ ಶುರುವಾಯಿತು. ಮೂರನೆಯ ದಿನ ಕೂಗು ಶುರುವಾಯಿತು. ಕಾರಿನಲ್ಲಿ ನಾನೊಬ್ಬಳೇ ಇದ್ದೇನೆ, ಪಕ್ಕದ ಸೀಟು ಖಾಲಿ, ಆದರೂ ಟಿಣ್ ಟಿಣ್. ಯಾರೋ ಕೂತಿದ್ದಾರೆ, ಬೆಲ್ಟು ಹಾಕಿಸು ಎಂದು ನನಗೆ ಬೈಗುಳ. ಮುಂದಿನ ವಾರ ಐನಾಪುರದ ಹಿರಿಯರು ಚಿಂಚೋಳಿಯಲ್ಲಿ ಸಿಕ್ಕಾಗ, ನಿಮ್ಮ ಮಜ್ಜಿಗೆಯಿಂದ ನನ್ನ ಕಾರು ಹೀಗಾಗಿದೆ ನೋಡಿ ಎಂದು ಸ್ವಲ್ಪ ಗಡುಸಾಗಿಯೇ ಹೇಳಿದೆ.

ಅವರು ನಿಧಾನವಾಗಿ ಕೇಳಿಸಿಕೊಂಡು ಹೇಳಿದರು: "ಆವತ್ತಿಂದು ಅದೇ ಮಜ್ಜಿಗಿ ನಾವು ಮನಿ ಮಂದಿ ಹನ್ನೆರಡು ಜನ ಕುಡದೀವ್ರಿ. ಯಾರಿಗೂ ಏನೂ ಆಗಿಲ್ಲ. ನಿಮ್ಮ ಸೀಟಿಗೇ ಪಚನ ಆಗಿಲ್ಲ ಅಂದ್ರ ನಾ ಏನ್ ಮಾಡ್ಲಿ?"

ಇಲ್ಲದವರಿಗೆ ಬೆಲ್ಟು

ಕೂಗು ನಿಲ್ಲಿಸುವ ಉಪಾಯವನ್ನು ಬಾರ್ ರೂಮಿನಲ್ಲಿ ಎಲ್ಲರೂ ಹೇಳಿದರು. ಖಾಲಿ ಸೀಟಿಗೇ ಬೆಲ್ಟು ಹಾಕಿಬಿಡಿ, ಸುಮ್ಮನಾಗುತ್ತದೆ. ಹಾಗೇ ಮಾಡಿದೆ. ಗಾಳಿಗೆ ಬೆಲ್ಟು ಕಟ್ಟಿಕೊಂಡು ತಿರುಗಾಡಿದೆ. ಓದಿದ ಹೆಂಗಸು ಮಾಡುವ ಕೆಲಸವೇ ಇದು ಎಂದು ನನಗೇ ನಾಚಿಕೆಯಾಗುತ್ತಿತ್ತು. ಆದರೆ ಕಿವಿಗೆ ನೆಮ್ಮದಿ ಬೇಕಲ್ಲ.

ನೆಮ್ಮದಿಯೂ ಪೂರ್ತಿ ಸಿಗಲಿಲ್ಲ. ಒಮ್ಮೊಮ್ಮೆ ಬೆಲ್ಟು ಹಾಕಿದರೂ ಅದರಷ್ಟಕ್ಕೆ ಅದು ಕೂಗುತ್ತಿತ್ತು, ಕೂಗಿ ಸುಮ್ಮನಾಗುತ್ತಿತ್ತು. ನಾನೂ ಅದನ್ನು ಕೇಳಿಸಿಕೊಳ್ಳುವುದನ್ನೇ ಬಿಟ್ಟೆ. ಒಂದು ದಿನ ಶಹಾಬಾದಕ್ಕೆ ಹೋಗುತ್ತಿದ್ದೇನೆ, ಮನೆಯಿಂದ ಹೊರಟಾಗಿನಿಂದ ಟಿಣ್ ಟಿಣ್ ನಿಂತಿಲ್ಲ. ಬಡಕೋ, ಎಷ್ಟು ಬಡಕೋತಿ ಬಡಕೋ ಎಂದು ಸೀಟಿಗೆ ಬೈಯುತ್ತಲೇ ಗಾಡಿ ಓಡಿಸಿದೆ. ಶಹಾಬಾದದ ಹತ್ತಿರ ಪೊಲೀಸರು ಕೈ ಮಾಡಿದರು.

ಪೇದೆ ಕಿಟಕಿಯಲ್ಲಿ ಬಗ್ಗಿ ನೋಡಿದ. ಎಡಗಡೆ ನೋಡಿದ, ನನ್ನ ಕಡೆ ನೋಡಿದ, ಮತ್ತೆ ಎಡಗಡೆ ನೋಡಿದ. ಪೊಲೀಸರು ಬಾಯಿ ತೆರೆಯುವ ಮುಂಚೆಯೇ ಕಾಗದ ಪತ್ರ ಎಲ್ಲ ಸರಿ ಇವೆ, ನಾನು ವಕೀಲಳು ಎಂದು ಹೇಳಿಬಿಡುವ ಚಟ ನನಗೆ. ಹೇಳಿದೆ.

"ಅದು ಗೊತ್ತಾತ್ರಿ ಮೇಡಂ" ಎಂದ ಪೇದೆ, ಭಾಳ ಮರ್ಯಾದೆಯಿಂದ. "ಇಲ್ದವರಿಗೆ ಬೆಲ್ಟ್ ಹಾಕೀರಿ. ಇದ್ದವರು ಹಾಂಗೇ ಕುಂತೀರಿ."

ಕೆಳಗೆ ನೋಡಿಕೊಂಡೆ. ಆವತ್ತು ಕಾರು ಬಡಕೊಂಡಿದ್ದು ನನಗೇ.

ನಾಲ್ಕು ಫರಸಿ

ಇನ್ನು ತಡೆಯಲಾರೆ ಎಂದು ವಾಡಿಯ ಒಬ್ಬ ಗಾಡಿ ಮಿಸ್ತ್ರಿಯ ಹತ್ತಿರ ಹೋದೆ. ಅವನ ಅಂಗಳದ ಅರ್ಧ ಕಾರು, ಇನ್ನರ್ಧ ರಾವೂರ ಕಡೆಯ ಕಲ್ಲಿನ ಗಣಿಗಳಿಂದ ಬಂದ ಲಾರಿ. ಅವನು ಸೀಟು ಬಿಚ್ಚಿ, ಒಳಗಿನ ಫೋಮ್ ಮೂಸಿ ನೋಡಿ, "ಮೇಡಂ, ಇದು ಹೆಪ್ಪಾಗ್ಯಾದ" ಎಂದ. ಸೆನ್ಸರನ್ನು ತೆಗೆದು ತೊಳೆದು ಒಣಗಿಸಿದ. ಇಷ್ಟಕ್ಕೇ ಬಿಟ್ಟಿದ್ದರೆ ಪುಣ್ಯ ಬರುತ್ತಿತ್ತು. ಆದರೆ ಅವನು ಕೆಲಸಗಾರ. ಇನ್ನೊಮ್ಮೆ ಸುಮ್ಮ ಸುಮ್ಮನೆ ಕೂಗಬಾರದು ಎಂದು, ಗಣಿಯಲ್ಲಿ ಕಲ್ಲು ಸಾಗಿಸುವ ದಪ್ಪ ರಬ್ಬರು ಪಟ್ಟಿಯ ಒಂದು ತುಂಡನ್ನು ಕತ್ತರಿಸಿ ಸೆನ್ಸರಿನ ಮೇಲೆ ಹಾಸಿ ಸೀಟು ಮುಚ್ಚಿದ.

ಇನ್ನು ಪರೀಕ್ಷೆ. ಅಂಗಳದಲ್ಲಿ ಬಿದ್ದಿದ್ದ, ನೆಲಕ್ಕೆ ಹಾಸುವ ಶಹಾಬಾದಿ ಕಲ್ಲಿನ ಫರಸಿಗಳನ್ನು ಒಂದೊಂದಾಗಿ ತಂದು ಸೀಟಿನ ಮೇಲೆ ಪೇರಿಸಿದ. ಒಂದು ಇಟ್ಟ, ಕೂಗಲಿಲ್ಲ. ಎರಡು ಇಟ್ಟ, ಕೂಗಲಿಲ್ಲ. ಮೂರಕ್ಕೂ ಇಲ್ಲ. ನಾಲ್ಕನೆಯ ಫರಸಿ ಇಟ್ಟ ಕೂಡಲೇ ಟಿಣ್ ಟಿಣ್. ಹಳದಿ ದೀಪ ಆರಿತು. ಮಿಸ್ತ್ರಿ ಕೈ ಒರೆಸಿಕೊಂಡ.

"ಬೇಶ್ ಆತ್ರಿ. ಮೂರು ಫರಸಿ ತನಾ ಸಾಮಾನು. ನಾಲ್ಕಾದ್ರ ಮನಷ್ಯಾ."

"ಇದನ್ನ ಯಾರು ಹೇಳಿದರು ನಿನಗೆ?" ಎಂದು ಕೇಳಿದೆ.

"ಯಾರ್ ಹೇಳಬೇಕ್ರಿ? ನಾ ಏನ್ ಸಾಮಾನಾ?" ಎಂದು ಅವನು ಸೀಟಿನಲ್ಲಿ ತಾನೇ ಕೂತು ತೋರಿಸಿದ. ಅವನಿಗೂ ಕೂಗಿತು. ಕೂಗದೆ ಏನು ಮಾಡೀತು? ಅವನು ಆರು ಫರಸಿಗೆ ಕಡಿಮೆ ಇರಲಿಲ್ಲ.

ಸಂಜೆ ಹೊತ್ತಿಗೆ ಕಾರು ಒಯ್ಯಲು ಹೋದಾಗ ನನ್ನ ಪಕ್ಕದ ಸೀಟಿನಲ್ಲಿ ನಾಲ್ಕೂ ಫರಸಿ ಹಾಗೇ ಕೂತಿದ್ದವು, ಅವುಗಳ ಎದೆಗೆ ಬೆಲ್ಟು ಹಾಕಿತ್ತು. ಇಳಿಸು ಮಾರಾಯ ಎಂದೆ. "ಇರ್ಲಿ ಬಿಡ್ರಿ, ನಿಮ್ಮ ಬಚ್ಚಲಕ್ಕ ಆಗ್ತಾವ" ಎಂದ. ಮನೆಯವರೆಗೂ ನಾಲ್ಕು ಕಲ್ಲು ಬೆಲ್ಟು ಹಾಕಿಕೊಂಡು ಕಾನೂನು ಪಾಲಿಸುತ್ತಾ ನನ್ನ ಜತೆ ಬಂದವು.

ಸೊಸೆಯ ಮೇಲೆ ಬಂದ ಆರೋಪ

ಮರುದಿನ ನಮ್ಮತ್ತೆ ಕಾರು ಹತ್ತಿದರು. ನಮ್ಮತ್ತೆ ಎಂದರೆ ನನ್ನ ಗಂಡನ ತಾಯಿ, ಎಂಬತ್ತರ ಹತ್ತಿರದ ಹೆಂಗಸು, ಕಡ್ಡಿಯಂಥ ಮೈ. ಮೂರು ಫರಸಿ ಆದರೆ ಹೆಚ್ಚು. ಅವರು ಚಪ್ಪಲಿ ಹೊರಗೆ ಬಿಟ್ಟು, ಸೀಟಿಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡು, ಕೂತರು. ಕಾರು ಸುಮ್ಮನಿತ್ತು. ಎದುರಿಗೆ ಹಳದಿ ದೀಪ ಉರಿಯುತ್ತಲೇ ಇತ್ತು.

ಆ ಮುಂದಿನ ಸೀಟಿನ ವಿಷಯ ಇಲ್ಲಿ ಹೇಳಬೇಕು. ಎತ್ತಿನ ಬಂಡಿಯಲ್ಲಿ ಅತ್ತೆ ಹಿಂದೆ ಕೂತರು. ಮಾವನವರಿಗೆ ಸರ್ಕಾರಿ ನೌಕರಿಯಾಗಿ ಜೀಪು ಬಂದಾಗ, ಮುಂದೆ ಸಾಹೇಬರು, ಹಿಂದೆ ಜೋಳದ ಚೀಲದ ಜತೆ ಅತ್ತೆ. ಮಗನ ಮದುವೆಗೆ ಬಾಡಿಗೆ ಕಾರು ಮಾಡಿದಾಗಲೂ ಮುಂದೆ ಬೀಗರು. ನಾನು ಕಾರು ಕೊಂಡ ದಿನ ಮುಂದಿನ ಬಾಗಿಲು ತೆಗೆದು "ಕುಂದ್ರಿ ಅತ್ತೀ" ಎಂದೆ. ಅವರು ನನ್ನ ಮುಖ ನೋಡಿ, "ಇಲ್ಲಿ, ಮುಂದ?" ಎಂದು ಕೇಳಿದ್ದು ನನಗೆ ಈಗಲೂ ನೆನಪಿದೆ. ಆವತ್ತಿನಿಂದ ಆ ಸೀಟು ಅವರದು. ನನ್ನ ಗಂಡ ಹಿಂದೆ ಕೂತು ನಿದ್ದೆ ಮಾಡುತ್ತಾರೆ.

ಈಗ ಆ ಸೀಟಿನಲ್ಲಿ ಅವರು ಕೂತರೆ ಕಾರಿನ ಲೆಕ್ಕದಲ್ಲಿ ಯಾರೂ ಇಲ್ಲ. ಎದುರಿನಿಂದ ಲಾರಿ ಬಂದು ಗುದ್ದಿದರೆ ನನ್ನ ಕಡೆಯ ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತದೆ, ಅವರ ಕಡೆಯದು ಖಾಲಿ ಸೀಟಿಗೆ ಯಾಕೆ ಎಂದು ಮಲಗಿರುತ್ತದೆ. ಅತ್ತೆಯನ್ನು ಕೂಡಿಸಿಕೊಂಡೇ ವಾಡಿಗೆ ಹೋದೆ. ದಾರಿಯುದ್ದಕ್ಕೂ ಇಪ್ಪತ್ತರ ಮೇಲೆ ಹೋಗಲಿಲ್ಲ. ಹಿಂದಿನಿಂದ ಸಿಮೆಂಟು ಲಾರಿಗಳು ಹಾರ್ನು ಹಾಕಿ ಹಾಕಿ ಸುಸ್ತಾದವು.

ಮಿಸ್ತ್ರಿ ಅತ್ತೆಯನ್ನು ಸೀಟಿನಲ್ಲಿ ನೋಡಿದ, ದೀಪ ನೋಡಿದ. ತನ್ನ ರಬ್ಬರಿನ ಮೇಲೆ ಅವನಿಗೆ ಒಂದಿಷ್ಟೂ ಅನುಮಾನ ಬರಲಿಲ್ಲ.

"ಗಾಡಿ ಏನ್ ತಪ್ಪಿಲ್ರಿ ಮೇಡಂ. ಅಮ್ಮಾರಿಗೆ ಸ್ವಲ್ಪ ಹೊಟ್ಟಿ ತುಂಬ ಉಣ್ಣಾಕ ಹಾಕ್ರಿ. ಒಂದ್ ಫರಸಿ ಭಾರ ಬಂದ್ರ ಸಾಕು, ತಾನೇ ಕೂಗ್ತದ."

ಅಂಗಳದಲ್ಲಿದ್ದ ಲಾರಿ ಚಾಲಕರೆಲ್ಲಾ ನನ್ನ ಕಡೆ ತಿರುಗಿದರು. ನಮ್ಮ ಸೀಮೆಯಲ್ಲಿ ಸೊಸೆಯಾದವಳಿಗೆ ಇದಕ್ಕಿಂತ ದೊಡ್ಡ ಆರೋಪ ಇಲ್ಲ. ಬೆಳಗ್ಗೆ ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಮೇಲೆ ಮೊಸರು ನಾನೇ ಬಡಿಸಿ ಬಂದಿದ್ದೆ. ಸಾಕ್ಷಿ ಪಕ್ಕದಲ್ಲೇ ಕೂತಿತ್ತು. ಹೇಳಿ ಅತ್ತೀ ಎಂದು ಅವರ ಕಡೆ ನೋಡಿದೆ.

ಅತ್ತೆ ಸೆರಗು ಸರಿ ಮಾಡಿಕೊಂಡರು. "ಹಾಕ್ತಾಳಪ್ಪಾ" ಎಂದರು. ಆಮೇಲೆ ಆಕಾಶದ ಕಡೆ ನೋಡಿ, "ನಾನೇ ಉಣ್ಣಂಗಿಲ್ಲ."

ಅಲ್ಲಿದ್ದ ಒಬ್ಬರೂ ನಂಬಲಿಲ್ಲ.

ಪಾಲಿನ ಫೈಲು

ಮನೆಗೆ ಬಂದ ಮೇಲೆ ಅತ್ತೆ ಕೇಳಿದರು, ಆ ಹಳದಿ ದೀಪ ಏನು ಹೇಳುತ್ತದೆ ಎಂದು. ಕೋರ್ಟಿನಲ್ಲಿ ಸಾವಿರ ಸಲ ಮಾತು ತಿರುಗಿಸಿದವಳಿಗೆ ಮನೆಯಲ್ಲಿ ಒಂದು ಸುಳ್ಳೂ ಹೊಳೆಯಲಿಲ್ಲ. "ಸೀಟಿನ್ಯಾಗ ಯಾರೂ ಇಲ್ಲ, ಏರ್‌ಬ್ಯಾಗಿನ ಫುಗ್ಗಾ ಬಿಚ್ಚೂದು ಬ್ಯಾಡ ಅಂತದ್ರಿ" ಎಂದೆ.

"ನಾ ಕುಂತಿರ್ತೀನಲ್ಲ."

"ಹೌದ್ರಿ."

"ಕುಂತಿದ್ರೂ ಇಲ್ಲಂತದ?"

"ಹೌದ್ರಿ. ನೀವು ಸ್ವಲ್ಪ ದಿನ ಹಿಂದ ಕುಂದ್ರಿ ಅತ್ತೀ. ರಿಪೇರಿ ಮಾಡಸ್ತೀನಿ."

ಅಷ್ಟು ಹೇಳಬಾರದಿತ್ತು. "ಹಿಂದ ಕುಂತು ಕುಂತು ಸೊಂಟ ಹೋಗ್ಯಾದ. ಈಗ ಗಾಡಿ ಕೂಡ ಹಿಂದ ಕುಂದ್ರು ಅಂತದೇನು? ನಾ ಏಳಂಗಿಲ್ಲ" ಎಂದು ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಪರಿಹಾರ ಸಿಕ್ಕಿದ್ದು ಅಕಸ್ಮಾತ್ತಾಗಿ. ಸೇಡಂನಲ್ಲಿ ಅಣ್ಣತಮ್ಮಂದಿರ ಒಂದು ಪಾಲಿನ ದಾವೆ ಇದೆ. ನಮ್ಮ ಸೀನಿಯರ್ ಕಾಲದಿಂದ ನಡೆದು ನನ್ನ ಕೈಗೆ ಬಂದದ್ದು. ಅದರ ಫೈಲು ಕೆಂಪು ಬಟ್ಟೆಯಲ್ಲಿ ಕಟ್ಟಿದ ದೊಡ್ಡ ಗಂಟು, ಎತ್ತಲು ಎರಡು ಕೈ ಬೇಕು. ಒಂದು ದಿನ ಅತ್ತೆ ಸೇಡಂನ ಬೀಗರ ಮನೆಗೆ ನನ್ನ ಜತೆ ಹೊರಟರು. ಹಿಂದಿನ ಸೀಟಿನಲ್ಲಿ ತೊಗರಿ ಚೀಲಗಳಿದ್ದವು. ಫೈಲನ್ನು ತಂದು "ಕೊಡು ಇಲ್ಲಿ" ಎಂದ ಅತ್ತೆಯ ತೊಡೆಯ ಮೇಲೆ ಇಟ್ಟೆ.

ಟಿಣ್ ಟಿಣ್. ಹಳದಿ ದೀಪ ಆರಿತು. ನನಗೆ ಅಳು ಬರುವಷ್ಟು ಸಂತೋಷವಾಯಿತು.

"ಯಾಕ ಕೂಗ್ತು?" ಎಂದರು ಅತ್ತೆ.

"ಈಗ ನೀವು ಇದ್ದೀರಿ ಅನ್ನಾಕತ್ತದ್ರಿ."

ಅತ್ತೆ ಫೈಲನ್ನು ಎತ್ತಿ ನನ್ನ ಕೈಗೆ ಕೊಟ್ಟರು. ದೀಪ ಹತ್ತಿತು. ಮತ್ತೆ ತೊಡೆಯ ಮೇಲೆ ಇಟ್ಟುಕೊಂಡರು. ದೀಪ ಆರಿತು. ಮೂರು ಸಲ ಹೀಗೆ ಮಾಡಿ ನೋಡಿದರು. ಐದು ಮಕ್ಕಳನ್ನು ಹೆತ್ತು, ಮೂರು ಸೊಸೆಯರನ್ನು ಆಳಿದ ಹೆಂಗಸು, ಮಂದಿಯ ಮನೆಯ ಜಗಳ ತೊಡೆಯ ಮೇಲಿದ್ದರೆ ಮಾತ್ರ ಇದ್ದಾಳೆ ಎನ್ನಿಸಿಕೊಳ್ಳಬೇಕಾಯಿತು. ತೊಡೆಯ ಮೇಲೆ ಅಂಥ ಗಂಟು ಇಟ್ಟುಕೊಂಡರೆ ಏರ್‌ಬ್ಯಾಗ್ ಬಿಚ್ಚಿದಾಗ ಇನ್ನೊಂದು ಅಪಾಯ ಎಂದು ಆಮೇಲೆ ಹೊಳೆಯಿತು. ಫೈಲನ್ನು ಕೆಳಗಿಡಿಸಿ, ಆವತ್ತು ಅವರ ಕಾಲು ಹಿಡಿಯುವುದೊಂದು ಬಾಕಿ ಇಟ್ಟು, ತೊಗರಿ ಚೀಲ ಮುಂದೆ ತಂದು, ಅವರನ್ನು ಹಿಂದೆ ಕೂಡಿಸಿಕೊಂಡು ಸೇಡಂಗೆ ಹೋದೆ. ಚೀಲಕ್ಕೆ ಕಾರು ಬಾಯಿ ತುಂಬ ಕೂಗಿತು.

ಕೋರ್ಟಿನ ಮುಂದೆ ಗಾಡಿ ನಿಲ್ಲಿಸಿದಾಗ ಅತ್ತೆ ಫೈಲಿನ ಕಡೆ ಬೆರಳು ಮಾಡಿ ಮೆಲ್ಲಗೆ ಹೇಳಿದರು: "ಏ ಯವ್ವಾ, ಆ ಕೇಸ್ ಝಟ್ನ ಮುಗಸಬ್ಯಾಡ."

ಹೆಬ್ಬೆಟ್ಟು

ರಿಪೇರಿ ಇವತ್ತು ನಾಳೆ ಎನ್ನುವಷ್ಟರಲ್ಲಿ ನವೆಂಬರ್ ಬಂತು. ಮಾವನವರು ತೀರಿಕೊಂಡ ಮೇಲೆ ಅತ್ತೆಗೆ ಪಿಂಚಣಿ ಬರುತ್ತದೆ. ಅದಕ್ಕೆ ವರ್ಷಕ್ಕೊಮ್ಮೆ ಬ್ಯಾಂಕಿಗೆ ಹೋಗಿ ತಾನು ಬದುಕಿದ್ದೇನೆ ಎಂದು ತೋರಿಸಿ ಬರಬೇಕು. ಮೊದಲೆಲ್ಲಾ ಮುಖ ತೋರಿಸಿ ಸಹಿ ಹಾಕಿದರೆ ಆಗುತ್ತಿತ್ತು. ಈಗ ಮಷೀನಿನ ಮೇಲೆ ಬೆರಳು ಇಡಬೇಕು.

ಚಿತ್ತಾಪುರದ ಬ್ಯಾಂಕಿನಲ್ಲಿ ಗುಮಾಸ್ತ ಅತ್ತೆಯ ಹೆಬ್ಬೆಟ್ಟು ಇಡಿಸಿದ. ಮಷೀನು ಕೆಂಪು ತೋರಿಸಿತು. ಒರೆಸಿ ಇಡಿಸಿದ, ಕೆಂಪು. ಇನ್ನೊಂದು ಕೈ, ಕೆಂಪು. ಹತ್ತೂ ಬೆರಳು ಮುಗಿದವು. ಅರವತ್ತು ವರ್ಷ ಜೋಳದ ರೊಟ್ಟಿ ಬಡಿದ ಕೈ ಅದು. ಗೆರೆ ಎಲ್ಲಿಂದ ಉಳಿಯಬೇಕು?

"ಅಮ್ಮಾ, ಮಷೀನ್ ನಿಮ್ಮನ್ನ ತಗೋವಲ್ದು. ನಾಳಿ ಬರ್ರಿ, ಕಣ್ಣಿನ ಮಷೀನ್ ತರಸ್ತೀವಿ."

ಅತ್ತೆ ಅವನನ್ನು ನೋಡಿದರು. ಮೊದಲು ಕಾರು, ಈಗ ಇದು. "ನಿನ್ನ ಎದ್ರಿಗೆ ನಿಂತು ಮಾತಾಡಾಕತ್ತೀನಿ. ಹಿಂದಿನ ವರ್ಷ ನಿನಗ ಶೇಂಗಾ ಹೋಳಿಗಿ ತಂದು ಕೊಟ್ಟಾಕಿ ನಾನೇ. ನಿನಗ ಗುರ್ತು ಇಲ್ಲೇನು?"

"ನನಗ ಗುರ್ತು ಅದ್ರಿ. ಮಷೀನಿಗಿಲ್ಲ."

"ಹಾಂಗಾರ ನಾಳಿ ತನಾ ನಾ ಸತ್ತಂಗೇನು?"

ಗುಮಾಸ್ತ ಒಳ್ಳೆಯವನು. ಹಿರಿಯರ ಮನಸ್ಸು ನೋಯಿಸಬಾರದು ಎಂದು ತನಗೆ ತಿಳಿದ ಅತ್ಯಂತ ಮೃದುವಾದ ಮಾತು ಹುಡುಕಿ ಹೇಳಿದ: "ಹಾಂಗ ಅನ್ನಬ್ಯಾಡ್ರಿ ಅಮ್ಮಾ. ಸತ್ತಿಲ್ಲ, ಪೆಂಡಿಂಗ್ ಅದೀರಿ."

ಶಹಾಬಾದದಿಂದ ಚಿತ್ತಾಪುರಕ್ಕೆ

ಆ ರಾತ್ರಿ ಅತ್ತೆ ಊಟ ಮಾಡಲಿಲ್ಲ. ಪೆಂಡಿಂಗ್ ಇದ್ದವರಿಗೆ ಊಟ ಯಾಕೆ ಎಂದರು. ಬೆಳಗ್ಗೆ ನಾನು ಕೋರ್ಟಿಗೆ ರಜೆ ಹಾಕಿ, ಅವರನ್ನು ಕರೆದುಕೊಂಡು ಶಹಾಬಾದದ ಒಂದು ದೊಡ್ಡ ವರ್ಕ್‌ಶಾಪಿಗೆ ಹೋದೆ. ಅಲ್ಲಿಯ ಇಂಜಿನಿಯರ್ ಕಾರಿಗೆ ಒಂದು ವೈರು ಚುಚ್ಚಿ, ತನ್ನ ಟ್ಯಾಬ್ ನೋಡಿ, "ಯಾವ ದೋಷವೂ ತೋರಿಸ್ತಿಲ್ಲ ಮೇಡಂ" ಎಂದ. ವರ್ಷದಿಂದ ಒಳಗಿದ್ದ ಸಿಟ್ಟೆಲ್ಲಾ ಆಗ ಹೊರಗೆ ಬಂತು.

"ಕೂತ ಮನುಷ್ಯರನ್ನು ಸೀಟು ಇಲ್ಲ ಅಂತದೆ. ನಿಮ್ಮ ಟ್ಯಾಬು ದೋಷ ಇಲ್ಲ ಅಂತದೆ. ಸೀಟು ಬಿಚ್ಚಿ ನೋಡದೆ ನಾನು ಇಲ್ಲಿಂದ ಅಲ್ಲಾಡುವುದಿಲ್ಲ" ಎಂದು ಅವನ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತೆ.

ಬಿಚ್ಚಿದರು. ವಾಡಿ ಮಿಸ್ತ್ರಿಯ ರಬ್ಬರು ಹೊರಬಂತು. ಇಂಜಿನಿಯರ್ ಅದನ್ನು ಎರಡು ಬೆರಳಲ್ಲಿ ಎತ್ತಿ, ಇದು ಯಾವ ಕಂಪನಿಯ ಭಾಗ ಎಂದು ಕೇಳಿದ. ಹೊಸ ಸೆನ್ಸರ್ ಹಾಕಿ, ಹೊಸ ಫೋಮ್ ಹಾಕಿ, ತಾನೇ ಕೂತು ತೋರಿಸಿದ. ಕೂಗಿತು. "ಆಯ್ತು ಮೇಡಂ, ಸಹಿ ಮಾಡಿ."

"ಈ ಕೇಸಿನಲ್ಲಿ ಅನ್ಯಾಯ ಆದದ್ದು ನಿಮಗಲ್ಲ" ಎಂದೆ. "ಅವರನ್ನು ಕೂಡಿಸಿ."

ಅತ್ತೆ ಚಪ್ಪಲಿ ಬಿಟ್ಟರು. ಸೀಟಿಗೆ ಕೈ ಮುಟ್ಟಿಸಲಿಲ್ಲ, ಕಣ್ಣಿಗೂ ಒತ್ತಿಕೊಳ್ಳಲಿಲ್ಲ. ಅಷ್ಟು ಮನಸ್ಸು ಕೆಟ್ಟಿತ್ತು. ಕೂತರು. ನಾನು ಕೀ ತಿರುಗಿಸಿದೆ. ಹಳದಿ ದೀಪ ಹತ್ತಿತು. ಜಡ್ಜರ ತೀರ್ಪಿಗೆ ನಿಂತಾಗಲೂ ನಾನು ಅಷ್ಟು ಹೆದರಿದವಳಲ್ಲ. ದೀಪ ಆರಿತು.

ಟಿಣ್ ಟಿಣ್.

"ಫೈಲ್ ಇಲ್ಲಲ್ಲ?" ಎಂದು ಅತ್ತೆ ತಮ್ಮ ತೊಡೆ ನೋಡಿಕೊಂಡರು.

"ಇಲ್ರಿ ಅತ್ತೀ. ನೀವೊಬ್ರೇ."

ಅವರ ಮುಖ ನಿಧಾನವಾಗಿ ಅರಳಿತು. ಇಂಜಿನಿಯರ್ ಬಗ್ಗಿ, "ಅಮ್ಮಾ, ಬೆಲ್ಟ್ ಹಾಕ್ಕೊಳ್ರಿ, ಬಂದ್ ಆಗ್ತದ" ಎಂದ.

"ಬಂದ್ ಯಾಕ ಮಾಡ್ತಿ? ಇಷ್ಟು ದಿನ ಬಾಯಿ ಮುಚ್ಕೊಂಡಿತ್ತು. ಮಾತಾಡ್ಲಿ."

ಒಂದು ವರ್ಷ ಆ ಕೂಗನ್ನು ನಿಲ್ಲಿಸಲು ಒದ್ದಾಡಿದವಳು ನಾನು. ಈಗ ಅದು ಸರಿಯಾದ ಕಾರಣಕ್ಕೆ ಕೂಗುತ್ತಿದೆ, ನಿಲ್ಲಿಸಲು ಇವರು ಬಿಡುತ್ತಿಲ್ಲ. ಬೆಲ್ಟಿಲ್ಲದೆ ಫುಗ್ಗಾದಿಂದ ಲಾಭವಿಲ್ಲ, ಬೆಲ್ಟು ಹಾಕದೆ ಗಾಡಿ ಗೇಟು ದಾಟುವುದಿಲ್ಲ ಎಂದು ಹಟ ಹಿಡಿದೆ. ಕೊನೆಗೆ ವರ್ಕ್‌ಶಾಪಿನ ವಾಚ್‌ಮನ್ನನ್ನು ಕರೆಸಿ ಅವನಿಗೂ ಒಮ್ಮೆ ಕೇಳಿಸಿ, ಬೆಲ್ಟು ಹಾಕಿಕೊಂಡರು. ರಾವೂರ ಹತ್ತಿರ ಬಂದಾಗ ಬೆಲ್ಟು ತೆಗೆದರು. ಟಿಣ್ ಟಿಣ್. ಗಾಡಿ ಬದಿಗೆ ನಿಲ್ಲಿಸಿ, "ಏನ್ರಿ ಅತ್ತೀ" ಎಂದು ಗದರಿದೆ.

"ಇನ್ನೂ ಅದೀನೇನು ನೋಡ್ದೆ" ಎಂದು ಮತ್ತೆ ಹಾಕಿಕೊಂಡರು.

ಬ್ಯಾಂಕಿನಲ್ಲಿ ಗುಮಾಸ್ತ ಮಾತಿಗೆ ತಪ್ಪಿರಲಿಲ್ಲ. ಕಣ್ಣಿನ ಮಷೀನು ಬಂದಿತ್ತು. ಅತ್ತೆ ಅದರೊಳಗೆ ನೋಡಿದರು. ಒಂದು ಹಸಿರು ಗೆರೆ ಬಂತು. "ಆತ್ರಿ ಅಮ್ಮಾ. ಇನ್ನೊಂದು ವರ್ಷ ಚಿಂತಿ ಇಲ್ಲ" ಎಂದು ಅವನು ಮುಂದಿನವರನ್ನು ಕರೆದ.

ಅತ್ತೆ ಜಾಗ ಬಿಡಲಿಲ್ಲ. "ಆತಾ? ಏನೂ ಅನ್ಲಿಲ್ಲಲ್ಲ."

"ಅನ್ನಂಗಿಲ್ರಿ ಅದು. ಹಸಿರು ಬರ್ತದ, ಅಷ್ಟೇ."

"ಹಸಿರು ನಿನಗೊಬ್ಬಗ ಕಾಣ್ತದ. ನಿನ್ನಿ ಸತ್ತೀನೋ ಅದೀನೋ ಅಂತ ಇಷ್ಟು ಮಂದಿ ಎದ್ರಿಗೆ ಅನುಮಾನ ಪಟ್ಟಿದ್ದಿ. ಇವತ್ತ ಸುಮ್ಮ ಹಸಿರು ತೋರಿಸಿ ಕಳಸ್ತೀಯೇನು? ಹೊರಗ ಬಾ."

ನಾನು ಅಡ್ಡ ಬಂದು ಏನೋ ಹೇಳಲು ಹೋದೆ. ನನ್ನ ಮಾತು ನಡೆಯಲಿಲ್ಲ. ಗುಮಾಸ್ತ ಎದ್ದ. ಅವನ ಹಿಂದೆ, ಸಾಲಿನಲ್ಲಿ ನಿಂತಿದ್ದ ಪಿಂಚಣಿಯ ಅಜ್ಜ ಅಜ್ಜಿಯರೂ ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು. ಅವರಲ್ಲಿ ಅರ್ಧಕ್ಕರ್ಧ ಮಂದಿಯ ಹೆಬ್ಬೆಟ್ಟನ್ನೂ ಮಷೀನು ತೆಗೆದುಕೊಂಡಿರಲಿಲ್ಲ. ಕಾರು ಬ್ಯಾಂಕಿನ ಎದುರಿಗೇ ನಿಂತಿತ್ತು. ಅತ್ತೆ ಚಪ್ಪಲಿ ಬಿಟ್ಟು, ಸೀಟಿಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡು, ಮುಂದಿನ ಸೀಟಿನಲ್ಲಿ ಕೂತರು. ಕಿಟಕಿ ಇಳಿಸು ಎಂದರು, ಇಳಿಸಿದೆ. ಕೀ ತಿರುಗಿಸು ಎಂದರು, ತಿರುಗಿಸಿದೆ.

ಟಿಣ್ ಟಿಣ್. ಟಿಣ್ ಟಿಣ್. ಟಿಣ್ ಟಿಣ್.

ಬಾಗಿಲಲ್ಲಿದ್ದವರೆಲ್ಲಾ ಕೇಳಿಸಿಕೊಂಡರು. ನಾನು ಬೆಲ್ಟು ಹಾಕಿಕೊಳ್ಳಿ ಎನ್ನಲಿಲ್ಲ. ಗೇರೂ ಹಾಕಲಿಲ್ಲ. ಆವತ್ತು ಆ ಶಬ್ದ ನನ್ನ ಕಿವಿಗೆ ಹಿತವಾಗಿತ್ತು. ಅತ್ತೆ ಪೂರ್ತಿ ಮೂರು ಸಲ ಕೂಗಿಸಿ, ಬೆಲ್ಟನ್ನು ಎಳೆದು ಕಟಕ್ ಎಂದು ತಾವೇ ಸಿಕ್ಕಿಸಿಕೊಂಡು, ಕಿಟಕಿಯಿಂದ ಗುಮಾಸ್ತನ ಕಡೆ ನೋಡಿದರು.

"ಕೇಳಿಸ್ತಲ್ಲ? ಒಳಗ ಹೋಗಿ ಬರಕೋ. ಪೆಂಡಿಂಗ್ ಇಲ್ಲ, ಮುಂದಿನ ಸೀಟಿನ್ಯಾಗ ಅದಾಳ."